ಗುತ್ತಿಗೆಯೊಡನೆ ಹೊಣೆಯೂ ಹೋಗುವುದೇ?

ಮನೆ ಕಟ್ಟಿಸುವವರು, ಬಾವಿ ತೋಡಿಸುವವರು, ಮಲಗುಂಡಿಯನ್ನು ಬರಿದು ಮಾಡಿಸುವವರು ಸಾಮಾನ್ಯವಾಗಿ ಆಡುವ ಮಾತೊಂದುಂಟು: "ಕೆಲಸವನ್ನು ಗುತ್ತಿಗೆ ಕೊಟ್ಟಾಯಿತು, ಇನ್ನು ಅದರ ಗೋಜು ನಮಗಿಲ್ಲ." ಕೆಲಸದ ಮಟ್ಟಿಗೆ ಈ ಮಾತು ಸರಿಯಾದೀತು. ಆದರೆ ಆ ಕೆಲಸದಲ್ಲಿ ತೊಡಗಿದ ಮನುಷ್ಯನ ಪ್ರಾಣದ ಹೊಣೆಯೂ ಗುತ್ತಿಗೆಯೊಡನೆ ಪರರ ಪಾಲಾಗುವುದೇ? ವಾಚಕರು ಇದನ್ನು ಕೊಂಚ ನಿಧಾನಿಸಿ ವಿಚಾರಿಸಬೇಕು.

ಮಲಗುಂಡಿಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಮುಚ್ಚಿದ ಗುಂಡಿಯಲ್ಲಿ ಕೊಳೆತ ವಸ್ತುವಿನಿಂದ ಹೈಡ್ರೋಜನ್ ಸಲ್ಫೈಡ್ ಮೊದಲಾದ ಅನಿಲಗಳು ಹುಟ್ಟುತ್ತವೆ, ಪ್ರಾಣವಾಯು ಕ್ಷೀಣಿಸುತ್ತದೆ. ಕೊಳೆತ ಮೊಟ್ಟೆಯ ವಾಸನೆಯುಳ್ಳ ಆ ವಿಷಾನಿಲವು ಅಧಿಕವಾದಾಗ ಮೂಗಿನ ಗ್ರಹಣಶಕ್ತಿಯನ್ನೇ ಕುಂದಿಸುತ್ತದೆ. ವಾಸನೆಯಿಲ್ಲವೆಂದು ನಂಬಿ ಇಳಿದವನು ಕೆಲವೇ ಉಸಿರುಗಳಲ್ಲಿ ಪ್ರಜ್ಞೆ ತಪ್ಪಿ ಬೀಳಬಹುದು. ಅವನನ್ನು ಎತ್ತಲೆಂದು ಧಾವಿಸಿ ಇಳಿದ ಸಂಗಡಿಗನಿಗೂ ಅದೇ ಗತಿ. ಒಂದೇ ಗುಂಡಿಯಲ್ಲಿ ಇಬ್ಬರು ಮೂವರು ಮಡಿದರೆಂಬ ವಾರ್ತೆಗಳ ಹಿಂದೆ ಬಹುಮಟ್ಟಿಗೆ ಇರುವ ಕಾರಣವಿದು.

ಇಲ್ಲಿ ಒಂದು ಆಕ್ಷೇಪ ಏಳಬಹುದು: "ಗುತ್ತಿಗೆದಾರನು ಬಲ್ಲವನು, ನಾನು ಅರಿಯದವನು. ಅರಿಯದವನಿಗೆ ಹೊಣೆಯೆಂತು?" ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಕೆಲಸದ ಕ್ರಮವನ್ನು ಬಲ್ಲವನು ಅವನೇ. ಆದರೆ ಗುಂಡಿಯ ಆಳವೆಷ್ಟು, ಅದನ್ನು ತೆರೆದು ಎಷ್ಟು ವರ್ಷಗಳಾದವು, ಸನಿಹದಲ್ಲಿ ವಿದ್ಯುತ್ ತಂತಿಯನ್ನು ಹೂಳಲಾಗಿದೆಯೇ ಎಂಬುದು ಸ್ಥಳದ ಒಡೆಯನಿಗೆ ತಾನೆ ತಿಳಿದಿರುವುದು? ಅದನ್ನು ಹೇಳದೆ ಉಳಿದರೆ ಅರಿಯದವನೆಂಬ ನೆಪ ನಿಲ್ಲಲಾರದು.

ದರದ ವಿಷಯವನ್ನೂ ನೋಡಿರಿ. ಮೂವರಲ್ಲಿ ಅತಿ ಕಡಿಮೆ ಕೇಳಿದವನಿಗೆ ಕೆಲಸ ಕೊಡುತ್ತೇವೆ. ಆ ಕಡಿತ ಎಲ್ಲಿಂದ ಬಂತೆಂದು ಕೇಳುವುದಿಲ್ಲ. ಹೀರುವ ಯಂತ್ರದ ಬಾಡಿಗೆ, ಗಾಳಿಯನ್ನು ಪರೀಕ್ಷಿಸುವ ಸಾಧನ, ಮೇಲೆ ನಿಂತು ಕಾಯುವ ಆಳು, ಇವುಗಳನ್ನು ಬಿಟ್ಟದ್ದರಿಂದಲೇ ದರ ಇಳಿದಿರಬಹುದು. ಉಳಿದ ಹಣ ನಮ್ಮ ಕಿಸೆಯಲ್ಲಿ, ಅಪಾಯ ಮಾತ್ರ ಕೂಲಿಯವನ ಎದೆಯ ಮೇಲೆ. ಲಾಭದಲ್ಲಿ ಪಾಲು ಪಡೆದವನು ಹೊಣೆಯಲ್ಲಿ ಪಾಲಿಲ್ಲವೆನ್ನುವುದು ನ್ಯಾಯವಲ್ಲ.

ದೇಶದ ಕಾನೂನೂ ಈ ನೆಪವನ್ನು ಒಪ್ಪಿಲ್ಲ. ಗುತ್ತಿಗೆದಾರನು ವಿಧಿಸಿದ ಸೌಕರ್ಯಗಳನ್ನು ಒದಗಿಸದಿದ್ದರೆ ಮೂಲ ಮಾಲೀಕನೇ ಒದಗಿಸತಕ್ಕದ್ದೆಂದು 1970ರ ಗುತ್ತಿಗೆ ಕಾರ್ಮಿಕ ಕಾಯಿದೆ ಹೇಳಿತ್ತು. ರಕ್ಷಣಾ ಸಲಕರಣೆ, ಮುನ್ನೆಚ್ಚರಿಕೆಗಳಿಲ್ಲದೆ ಒಳಚರಂಡಿಗೂ ಮಲಗುಂಡಿಗೂ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿತು. ನೇರವಾಗಿ ಮಾತ್ರವಲ್ಲ, ಪರೋಕ್ಷವಾಗಿ ನೇಮಿಸುವುದನ್ನೂ ಕೂಡದೆಂದಿತು. ಒಳಚರಂಡಿಯಲ್ಲಿ ಮಡಿದವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರವೆಂದು ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ಆದೇಶಿಸಿತು. ಆದರೆ ಪರಿಹಾರವು ಮರಣಾನಂತರದ ಮಾತು. ಧರ್ಮದ ಮಾತು ಅದಕ್ಕಿಂತ ಮೊದಲಿನದು.

ಆ ಮೊದಲಿನ ಗಳಿಗೆಯನ್ನು ಕಣ್ಣೆದುರು ತಂದುಕೊಳ್ಳಿರಿ. ಮುಚ್ಚಳ ತೆರೆದಿದೆ, ಕೂಲಿಯವನು ಅಂಗಿ ಕಳಚಿ ನಿಂತಿದ್ದಾನೆ. "ಇಳಿಯಲಾರೆ" ಎಂದರೆ ಅವನಿಗೆ ಅಂದಿನ ಕೂಲಿಯಿಲ್ಲ. "ಇಳಿಸಲಾರೆ" ಎಂದರೆ ಗುತ್ತಿಗೆದಾರನಿಗೆ ಕೆಲಸ ತಪ್ಪೀತೆಂಬ ಅಂಜಿಕೆ. "ಇಳಿಯಬೇಡಪ್ಪ, ಯಂತ್ರ ಬರಲಿ" ಎಂದು ಹೇಳಬಲ್ಲವನು ಹಣ ಕೊಡುವ ಒಡೆಯನೊಬ್ಬನೇ. ಅವನಿಗೆ ಆಗುವ ನಷ್ಟ ಒಂದೆರಡು ದಿನದ ತಡ, ಕೆಲವು ರೂಪಾಯಿಯ ಹೆಚ್ಚಳ. ಒಂದು ಮಾತಿನಿಂದ ತಡೆಯಬಲ್ಲ ಶಕ್ತಿ ಯಾರಲ್ಲಿದೆಯೋ ಹೊಣೆಯೂ ಅವರಲ್ಲಿಯೇ ಇದೆ. ಕಾಗದದ ಮೇಲಿನ ಕರಾರು ಅದನ್ನು ಕಳೆಯಲಾರದು.

ಕಾಯಕವನ್ನು ಪೂಜ್ಯವೆಂದು ಕೊಂಡಾಡುವವರು ನಾವು. ಆ ಕಾಯಕವನ್ನು ಮಾಡುವ ಕಾಯವನ್ನು ಮರೆತರೆ ನಮ್ಮ ಮಾತಿಗೆ ಬೆಲೆಯೇನು? ಮುಂದಿನ ಸಲ ನಿಮ್ಮ ಮನೆಯ ಅಂಗಳದಲ್ಲಿ ಮುಚ್ಚಳ ತೆರೆಯುವಾಗ ದರವನ್ನು ಕೇಳುವ ಮುನ್ನ ಕೇಳಿರಿ: "ಒಳಗೆ ಯಾರೂ ಇಳಿಯುವುದಿಲ್ಲವಷ್ಟೆ?"