ಹತ್ತು ಮಂದಿಗೂ ಜರಿ

ಹಬ್ಬದ ಬಟ್ಟೆ ಕೊಳ್ಳಲು ನೀವು ಕಮರ್ಷಿಯಲ್ ಸ್ಟ್ರೀಟಿಗೆ ಒಮ್ಮೆಯಾದರೂ ಹೋಗಿರುತ್ತೀರಿ. ದೊಡ್ಡ ಅಂಗಡಿಗಳ ಬೆಳಕನ್ನು ದಾಟಿ ಪಕ್ಕದ ಓಣಿಗಳಿಗೆ ತಿರುಗಿದರೆ ಗುಂಡಿ, ಲೇಸು, ಜರಿ ಮಾರುವ ಪುಟ್ಟ ಮಳಿಗೆಗಳು, ಹೊಲಿಗೆ ಯಂತ್ರಗಳ ಸದ್ದು. ಕತ್ತರಿಸಿ ಉಳಿದ ಬಣ್ಣಬಣ್ಣದ ಚೂರುಗಳು ದರ್ಜಿಯ ಕಾಲ ಬಳಿ ರಾಶಿ ಬಿದ್ದಿರುತ್ತವೆ. ಅಲ್ಲಿಂದ ಸ್ವಲ್ಪ ದೂರ ನಡೆದರೆ ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕ. 1882ರ ಸೆಪ್ಟೆಂಬರ್ 8ರಂದು ಪವಿತ್ರೀಕರಿಸಲಾದ ಆ ದೇವಾಲಯದಲ್ಲಿ ಮಾತೆಯ ಪ್ರತಿಮೆ ಸೀರೆಯುಟ್ಟು ನಿಂತಿದೆ. ಬಟ್ಟೆಯ ಬೀದಿಗೂ ಪ್ರಾರ್ಥನೆಯ ಗುಡಿಗೂ ನಡುವೆ ಇರುವ ಅಂತರ ಅಷ್ಟೇ.

ಅಂತಹ ಚೂರುಗಳ ಒಂದು ಚೀಲವನ್ನು ತಂದು ನಾನೊಮ್ಮೆ ಧರ್ಮೋಪದೇಶ ತರಗತಿಯ ಮಕ್ಕಳ ಮುಂದೆ ಸುರಿದೆ. ಅಂದಿನ ಪಾಠ, ಯೇಸುಸ್ವಾಮಿ ಗುಣಪಡಿಸಿದ ಹತ್ತು ಮಂದಿ ಕುಷ್ಠರೋಗಿಗಳ ಪ್ರಸಂಗ (ಲೂಕ 17:11-19). ರಟ್ಟಿನ ಹಾಳೆಯ ಮೇಲೆ ಹತ್ತು ಆಕೃತಿಗಳನ್ನು ಬರೆದು ಬಟ್ಟೆಯ ಚೂರುಗಳನ್ನು ಅಂಟಿಸಬೇಕು. ಒಂಬತ್ತು ಮಂದಿಗೆ ಸಾದಾ ಬಟ್ಟೆ, ಹಿಂದಿರುಗಿ ಬಂದು ವಂದಿಸಿದ ಸಮಾರಿಯದವನಿಗೆ ಮಾತ್ರ ಜರಿ. ಹೀಗೆಂದು ನಾನೇ ನಿಯಮ ಮಾಡಿದ್ದೆ. ಆದರೆ ಪುಟ್ಟ ಹುಡುಗಿಯೊಬ್ಬಳು ಹತ್ತು ಮಂದಿಗೂ ಜರಿ ಅಂಟಿಸಿದ್ದಳು. "ಪಾಠ ಸರಿಯಾಗಿ ಕೇಳಲಿಲ್ಲವಾ?" ಎಂದು ಗದರಿದೆ. ಅವಳು ತಲೆಯೆತ್ತಿ, "ವಾಸಿಯಾಗಿದ್ದು ಹತ್ತು ಜನಕ್ಕೂ ಅಲ್ವಾ ಟೀಚರ್?" ಎಂದಳು. ನಾನು ಉತ್ತರಿಸಲಿಲ್ಲ. ಒಂಬತ್ತು ಆಕೃತಿಗಳಿಂದ ಜರಿಯನ್ನು ಕೀಳಿಸಿದೆ. ಕಿತ್ತ ಜಾಗದಲ್ಲಿ ಗೋಂದಿನ ಕಲೆ ಉಳಿಯಿತು.

ಆ ಕಲೆ ನನ್ನನ್ನು ಬಹುಕಾಲ ಕಾಡಿದೆ. ಶುಭಸಂದೇಶವನ್ನು ಮತ್ತೆ ಓದಿ ನೋಡಿ. "ಉಳಿದ ಒಂಬತ್ತು ಮಂದಿ ಎಲ್ಲಿ?" ಎಂಬ ಅರ್ಥದಲ್ಲಿ ಸ್ವಾಮಿ ಕೇಳುತ್ತಾರೆ, ನಿಜ. ಆ ಮಾತಿನಲ್ಲಿ ನೋವಿದೆ. ಆದರೆ ಹಿಂದಿರುಗದವರ ರೋಗ ಮರುಕಳಿಸಿತೆಂದು ಸಂತ ಲೂಕರು ಬರೆಯಲಿಲ್ಲ. ಕೊಟ್ಟ ಆರೋಗ್ಯವನ್ನು ಕೊಟ್ಟವರು ಕಿತ್ತುಕೊಳ್ಳಲಿಲ್ಲ. ನಾನು ಕಿತ್ತುಕೊಂಡೆ! ಕೃತಜ್ಞತೆಯನ್ನು ಕಲಿಸುವ ಭರದಲ್ಲಿ ಅದನ್ನು ವರದಾನದ ಬೆಲೆಯಾಗಿ ಮಾಡಿಬಿಟ್ಟಿದ್ದೆ.

ನಮ್ಮ ಮನೆಗಳಲ್ಲಿ ನಡೆಯುವುದೂ ಇದೇ ಅಲ್ಲವೇ? "ನಿನಗೋಸ್ಕರ ಎಷ್ಟು ಕಷ್ಟಪಟ್ಟಿದ್ದೇವೆ ಗೊತ್ತಾ?" ಎಂದು ಮಗುವಿಗೆ ನೆನಪಿಸುವಾಗ ನಾವು ಕಲಿಸುತ್ತಿರುವುದು ಕೃತಜ್ಞತೆಯನ್ನಲ್ಲ, ಸಾಲದ ಲೆಕ್ಕವನ್ನು. ಸಾಲಗಾರನು ಕೊಟ್ಟವನನ್ನು ಕಂಡರೆ ದಾರಿ ಬದಲಿಸುತ್ತಾನೆ. ಕೃತಜ್ಞನು ಅವನನ್ನು ಹುಡುಕಿಕೊಂಡು ಬರುತ್ತಾನೆ. ಸಮಾರಿಯದವನು ಬಂದದ್ದು ಹಾಗೆ.

ಹಾಗಾದರೆ ಕೃತಜ್ಞತೆಯನ್ನು ಕಲಿಸಲು ಸಾಧ್ಯವೇ ಇಲ್ಲವೇ? ಒತ್ತಾಯದಿಂದ ಬಂದುದು ಕೃತಜ್ಞತೆಯಲ್ಲ. ಕಲಿಸದೆ ಬಿಟ್ಟರೆ ಅದು ಮೊಳೆಯುವುದೂ ಕಷ್ಟ. ಈ ಇಕ್ಕಟ್ಟಿನಲ್ಲಿ ಪದವೇ ನಮಗೆ ದಾರಿ ತೋರುತ್ತದೆ. ‘ಕೃತಜ್ಞ’ ಎಂದರೆ ‘ಮಾಡಿದ್ದನ್ನು ಅರಿತವನು’. ಭಾವನೆಗಿಂತ ಮೊದಲು ಅದೊಂದು ಅರಿವು. "ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ" ಎಂಬ ನಮ್ಮ ಗಾದೆಯೂ ನೆನೆಯಲು ಹೇಳುತ್ತದೆಯೇ ಹೊರತು ಸಲ್ಲಿಸಲು ಹೇಳುವುದಿಲ್ಲ. ಭಾವನೆಯನ್ನು ಆಜ್ಞಾಪಿಸಲಾಗದು, ಅರಿವನ್ನು ಕಲಿಸಬಹುದು. ಒಂದು ವಸ್ತುವಿನ ಹಿಂದಿರುವ ಶ್ರಮವನ್ನು ಅರಿಯಲು ಕೈಗಿಂತ ಒಳ್ಳೆಯ ಗುರುವಿಲ್ಲ. ಸೂಜಿಗೆ ದಾರ ಪೋಣಿಸಿ ಸೋತ ಮಗುವಿಗೆ ತನ್ನ ಅಂಗಿಯ ಗುಂಡಿ ಇನ್ನು ಮುಂದೆ ಬರೀ ಗುಂಡಿಯಲ್ಲ.

ಶ್ರೀಗ್ರಂಥವೂ ಈ ಕೈಪಾಠವನ್ನು ಬಲ್ಲದು. ಜೋರ್ಡನ್ ನದಿಯನ್ನು ದಾಟಿದ ಜನರು ನದಿಯ ಮಧ್ಯದಿಂದ ಹನ್ನೆರಡು ಕಲ್ಲುಗಳನ್ನು ಹೆಗಲ ಮೇಲೆ ಹೊತ್ತು ತಂದು ನಿಲ್ಲಿಸಿದರು. ಮುಂದೆ ಮಕ್ಕಳು ಇವುಗಳ ಅರ್ಥವೇನೆಂದು ಕೇಳಿದಾಗ ನಡೆದುದನ್ನು ತಿಳಿಸಬೇಕಿತ್ತು (ಯೆಹೋಶುವ 4). ಮೊದಲು ಕಲ್ಲು, ಆಮೇಲೆ ಮಗುವಿನ ಪ್ರಶ್ನೆ, ಕೊನೆಗೆ ಹಿರಿಯರ ಮಾತು. ನಾವಾದರೋ ಮಾತಿನಿಂದ ಆರಂಭಿಸಿ, ಪ್ರಶ್ನೆ ಬಂದಾಗ ಗದರಿಸುತ್ತೇವೆ! ರೋಮ್ ನಗರದಲ್ಲಿ 1954ರಲ್ಲಿ ಬೈಬಲ್ ವಿದ್ವಾಂಸೆ ಸೋಫಿಯಾ ಕವಲ್ಲೆತ್ತಿಯವರು, ಮಾಂಟೆಸ್ಸರಿ ಶಿಕ್ಷಕಿ ಜಾನ್ನಾ ಗೊಬ್ಬಿಯವರೊಡನೆ ಆರಂಭಿಸಿದ ಮಕ್ಕಳ ಧರ್ಮಶಿಕ್ಷಣವೂ ಈ ಕ್ರಮವನ್ನೇ ಹಿಡಿಯಿತು. ಅಲ್ಲಿ ಮಗು ಕುರುಬ ಮತ್ತು ಕುರಿಗಳ ಪುಟ್ಟ ಆಕೃತಿಗಳನ್ನು ತನ್ನ ಕೈಯಿಂದಲೇ ಸರಿಸುತ್ತಾ ಧ್ಯಾನಿಸುತ್ತದೆ.

ದೂರ ಹೋಗುವುದೇಕೆ? ಶಿವಾಜಿನಗರದಲ್ಲಿ ಮಾತೆಯ ಜನನೋತ್ಸವ ನಡೆಯುವ ಸೆಪ್ಟೆಂಬರ್ 8ರಂದೇ ಕರಾವಳಿಯಲ್ಲಿ ಮೊಂತಿ ಹಬ್ಬ. ಮಕ್ಕಳು ಒಂಬತ್ತು ದಿನ ಹೂ ಆಯ್ದು ತಂದು ಬಾಲ ಮರಿಯಮ್ಮನಿಗೆ ಅರ್ಪಿಸುತ್ತಾರೆ. ಹಬ್ಬದಂದು ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ತಂದು, ಅದರ ಕಾಳನ್ನು ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರೂ ಸೇವಿಸುತ್ತಾರೆ. ತೆನೆಯಿಂದ ಕಾಳು ಬಿಡಿಸಿದ ಮಗುವಿಗೆ ಅನ್ನವೆಂದರೇನೆಂದು ಬೇರೆ ಪ್ರವಚನ ಬೇಕಿಲ್ಲ.

ಆದರೆ, ಓದುಗರೇ, ಇನ್ನೊಂದು ಕಠಿಣವಾದ ಪ್ರಶ್ನೆ ಉಳಿದಿದೆ. ರಾತ್ರಿಯೆಲ್ಲ ಕಣ್ಣು ನೋಯಿಸಿಕೊಂಡು ಕಸೂತಿ ಹಾಕುವವನ ಮಗುವಿಗೆ, "ಇದ್ದುದರಲ್ಲಿ ತೃಪ್ತಿಪಡು, ದೇವರಿಗೆ ವಂದಿಸು" ಎಂದಷ್ಟೇ ಹೇಳಿ ಕಳಿಸುವುದು ನ್ಯಾಯವೇ? ದುಡಿದವನಿಗೆ ಸಲ್ಲದ ಕೂಲಿ ದೇವರಿಗೆ ಮೊರೆಯಿಡುತ್ತದೆಂದು ಸಂತ ಯಕೋಬರ ಪತ್ರ ಎಚ್ಚರಿಸುತ್ತದೆ (5:4). ಕೃತಜ್ಞತೆಯ ಪಾಠ ಬಡವನ ಬಾಯಿಗೆ ಬೀಗವಾಗಬಾರದು. ‘ಮಾಡಿದ್ದನ್ನು ಅರಿಯುವುದು’ ಎಂಬ ಮಾತು ಮೊದಲು ಅನ್ವಯಿಸಬೇಕಾದುದು ಉಡುವವರಿಗೆ, ಹೊಲಿಯುವವರಿಗಲ್ಲ. ಮೊದಲ ಫಲದ ಬುಟ್ಟಿಯನ್ನು ಅರ್ಪಿಸುವ ಇಸ್ರಯೇಲನು ತನ್ನ ಜನರ ದಾಸ್ಯವನ್ನು ಮರೆಯದೆ ಹೇಳಬೇಕಿತ್ತು, ಬಳಿಕ ಪರದೇಶಿಯೊಡನೆ ಕೂಡಿ ಸಂತೋಷಪಡಬೇಕಿತ್ತು (ಧರ್ಮೋಪದೇಶಕಾಂಡ 26). ನೋವನ್ನು ಮುಚ್ಚಿಟ್ಟು ಹೇಳುವ ವಂದನೆಯನ್ನು ದೇವರು ಕೇಳಿಲ್ಲ.

ಇದನ್ನೆಲ್ಲ ಯೋಚಿಸುತ್ತಿದ್ದಾಗ ನನಗೆ ಹೊಳೆದ ಸಂಗತಿ ನಾಚಿಕೆ ತರಿಸಿತು. ಆ ಚೂರುಗಳ ಚೀಲವನ್ನು ಕಾಸು ಪಡೆಯದೆ ಕೊಟ್ಟ ದರ್ಜಿಯ ಹೆಸರನ್ನೂ ನಾನು ಕೇಳಿರಲಿಲ್ಲ. ಹತ್ತು ಮಂದಿಯ ಕತೆ ಹೇಳಲು ಹೊರಟವಳು ಒಂಬತ್ತು ಮಂದಿಯ ಸಾಲಿನಲ್ಲಿದ್ದೆ! ಮುಂದಿನ ವಾರ ಮಕ್ಕಳನ್ನು, ಅವರ ಚಿತ್ರಗಳೊಡನೆ, ಆ ಓಣಿಗೆ ಕರೆದೊಯ್ದೆ. ಅವರು ನಮ್ಮ ಧರ್ಮದವರಲ್ಲ. ಯಂತ್ರ ನಿಲ್ಲಿಸಿ, ಕನ್ನಡಕ ಸರಿಪಡಿಸಿಕೊಂಡು, ಒಂದೊಂದೇ ಚಿತ್ರವನ್ನು ನೋಡಿದರು. "ಇದು ಮದುವೆ ಲಂಗದ್ದು, ಇದು ಶಾಲೆ ಮಗುವಿನ ಫ್ರಾಕಿಂದು" ಎಂದು ಪ್ರತಿಯೊಂದು ಚೂರನ್ನೂ ಗುರುತಿಸಿದರು. ಮಕ್ಕಳು ಅವರ ಬೆರಳ ತುದಿಯ ಸೂಜಿಗಾಯಗಳನ್ನು ನೋಡುತ್ತಿದ್ದರು. ಧನ್ಯವಾದ ಹೇಳಿರೆಂದು ನಾನು ಯಾರಿಗೂ ಹೇಳಬೇಕಾಗಲಿಲ್ಲ.

ಗೋಂದಿನ ಕಲೆಗಳ ಚಿತ್ರವನ್ನು ಅವರು ಹೆಚ್ಚು ಹೊತ್ತು ಹಿಡಿದಿದ್ದರು. ಇಲ್ಲಿ ಏನಿತ್ತೆಂದು ಕೇಳಿದರು. ಹುಡುಗಿ ನನ್ನ ಮುಖ ನೋಡಿದಳು. "ಜರಿ ಇತ್ತು, ನಾನು ತೆಗೆಸಿದೆ, ನನ್ನದೇ ತಪ್ಪು" ಎಂದೆ. ಅವರು ಮಾತಾಡದೆ ಡಬ್ಬಿಯಿಂದ ಒಂದು ಮೊಳ ಜರಿ ಕತ್ತರಿಸಿ ಅವಳ ಕೈಗಿತ್ತರು.

ಪರಮಪ್ರಸಾದಕ್ಕೆ ಧರ್ಮಸಭೆ ಬಳಸುವ ‘ಯೂಕರಿಸ್ತ್’ ಎಂಬ ಪದಕ್ಕೆ ಗ್ರೀಕ್ ಭಾಷೆಯಲ್ಲಿ ‘ಕೃತಜ್ಞತಾಸ್ತುತಿ’ ಎಂದರ್ಥ. ಸಮಾರಿಯದವನು ಸಲ್ಲಿಸಿದ ವಂದನೆಗೂ ಸಂತ ಲೂಕರು ಅದೇ ಮೂಲದ ಪದವನ್ನು ಬಳಸಿದ್ದಾರೆ. ಅಂಟಿಸಿದ ಚಿತ್ರ ಗೋಡೆಗೆ ತೂಗಿದಲ್ಲಿಗೆ ಪಾಠ ಮುಗಿಯುವುದಿಲ್ಲ. ಕೊಟ್ಟವರ ಬಳಿಗೆ ಕಾಲು ಹಿಂದಿರುಗಬೇಕು. ಕೃತಜ್ಞತಾಬಲಿಯ ಮಾಂಸವನ್ನು ಮರುದಿನಕ್ಕೆ ಉಳಿಸಬಾರದೆಂದು ಯಾಜಕಕಾಂಡ ವಿಧಿಸುತ್ತದೆ (7:15). ಆದುದರಿಂದ, ಪ್ರಿಯ ಓದುಗರೇ, ಇಂದು ನೀವು ಉಟ್ಟಿರುವ ಬಟ್ಟೆಯ ಒಂದು ಹೊಲಿಗೆಯನ್ನು ನಿಮ್ಮ ಮಗುವಿಗೆ ತೋರಿಸಿ. ಅದನ್ನು ಹಾಕಿದವರು ಯಾರೆಂದು ಅದು ಕೇಳುವವರೆಗೆ ಸುಮ್ಮನಿರಿ. ಉತ್ತರ ನಿಮಗೂ ತಿಳಿಯದಿದ್ದರೆ, ಇಬ್ಬರೂ ಕೂಡಿ ಹುಡುಕಿಕೊಂಡು ಹೋಗಿ.