ಹಾಸಿಗೆ ಮೀರಿದ ಕಾಲು

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರೆಂದು ಎಷ್ಟು ವರ್ಷದಿಂದ ಮಕ್ಕಳಿಗೆ ಹೇಳುತ್ತಿದ್ದೇನೋ! ಈ ಸಲ ಒಂಬತ್ತನೇ ತರಗತಿಯ ಹುಡುಗನೊಬ್ಬ, ನೋಟ್‌ಬುಕ್ಕಿನ ತುಂಬ ಕಾರಿನ ಚಿತ್ರ ಅಂಟಿಸಿಕೊಳ್ಳುವವನು, ಅದಕ್ಕೆ ಇಟಲಿಯ ಸಿಸಿಟಾಲಿಯಾ ಎಂಬ ಕಾರು ಕಂಪನಿಯ ಕಥೆಯನ್ನು ಉದಾಹರಣೆ ಕೊಟ್ಟಿದ್ದ. ಹತ್ತಕ್ಕೆ ಎಂಟು ಹಾಕಿದೆ. ಆಮೇಲೆ ಕುತೂಹಲ ತಡೆಯದೆ ನಾನೇ ಹುಡುಕಿ ಓದಿದೆ.

ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಟ್ಯೂರಿನ್ನಿನ ಉದ್ಯಮಿ ಪಿಯೆರೊ ಡೂಸಿಯೊ ಒಂದು ಪುಟ್ಟ ರೇಸ್ ಕಾರು ಮಾಡಿಸಿದ. ಎಂಜಿನ್ ಸಂಸಾರಸ್ಥರು ಓಡಿಸುವ ಫಿಯೆಟ್ 1100ರದ್ದೇ. ಡಬ್ಬಿಯಲ್ಲಿದ್ದ ಸಾಮಾನಿನಲ್ಲೇ ಹಬ್ಬದಡುಗೆ ಮಾಡಿದ ಹಾಗೆ! ಮರುವರ್ಷ ಬಂದ ‘202’ಕ್ಕೆ ಪಿನಿನ್ ಫರೀನಾ ರೂಪ ಕೊಟ್ಟ. ಮೂತಿ, ಮಡ್‌ಗಾರ್ಡ್, ದೀಪ ಬೇರೆಬೇರೆ ಎನಿಸದೆ ಒಂದೇ ಮೈಯಾಗಿ ಹರಿದಿವೆ. ಅದೇ ವರ್ಷ ಮಿಲ್ಲೆ ಮಿಲ್ಯಾ ರೇಸಿನಲ್ಲಿ 54ರ ರೋಗಿ ನುವೊಲಾರಿ, ತೆರೆದ ಸಿಸಿಟಾಲಿಯಾದಲ್ಲಿ ಮಳೆಗೆ ನೆನೆಯುತ್ತ, ಎರಡನೆಯವನಾಗಿ ಬಂದ. (ನನಗೂ ಅದೇ ವಯಸ್ಸು, ಶಾಲೆಯ ಮೆಟ್ಟಿಲು ಹತ್ತಿದರೆ ಏದುಸಿರು.)

ಅಷ್ಟಕ್ಕೆ ತೃಪ್ತಿಪಟ್ಟಿದ್ದರೆ? ಡೂಸಿಯೊ ಪಡಲಿಲ್ಲ. ಪೋರ್ಷೆಯವರ ತಂಡಕ್ಕೆ ಗ್ರಾಂಪ್ರಿ ಕಾರಿನ ಕೆಲಸ ಕೊಟ್ಟ: ಹನ್ನೆರಡು ಸಿಲಿಂಡರ್, ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ. ಆ ಹಣ ಫ್ರಾನ್ಸಿನ ಸೆರೆಯಲ್ಲಿದ್ದ ವೃದ್ಧ ಫರ್ಡಿನಾಂಡ್ ಪೋರ್ಷೆಯ ಬಿಡುಗಡೆಗೂ ಒದಗಿತು. ಕಾರು ಮಾತ್ರ ಒಂದು ಗ್ರಾಂಪ್ರಿಯಲ್ಲೂ ಓಡಲಿಲ್ಲ. 1949ರ ಹೊತ್ತಿಗೆ ಕಂಪನಿ ನೆಲಕಚ್ಚಿತು. ಡೂಸಿಯೊ ಅರ್ಜೆಂಟೀನಾದ ದಾರಿ ಹಿಡಿದ.

1951ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ‘202’ನ್ನು ಕಲಾಕೃತಿಯಂತೆ ಪ್ರದರ್ಶಿಸಿತು. ಹಾಗಾದರೆ ಅವನು ಗೆದ್ದನೆನ್ನೋಣವೆ? ನನ್ನ ನಾಲಗೆ ತಡವರಿಸುತ್ತದೆ. ಹಾಸಿಗೆ ಒಬ್ಬನದೇ ಅಲ್ಲವಲ್ಲ! ಕಾಲು ಚಾಚುವವನ ಪಕ್ಕದಲ್ಲಿ ಮುದುರಿ ಮಲಗುವವರೂ ಇರುತ್ತಾರೆ. ಆ ಕಾರಿಗೆ ತಗಡು ಬಡಿದವರ ಮನೆಯಲ್ಲಿ 1949ರಲ್ಲಿ ಒಲೆ ಹೇಗೆ ಉರಿಯಿತೋ? ಗಂಡಸರ ಕನಸಿನ ಕಥೆಗಳಲ್ಲಿ ಈ ಲೆಕ್ಕ ಯಾರೂ ಬರೆದಿಡುವುದಿಲ್ಲ. ಚೆಲುವಾದ ಕಾರು ಹುಟ್ಟಿದ್ದು ಇದ್ದ ಹಾಸಿಗೆಯೊಳಗೇ, ನಿಜ. ಆದರೆ ಫಿಯೆಟ್ ಎಂಜಿನ್ನಿನಲ್ಲಿ ರೇಸ್ ಕಾರನ್ನು ಕಂಡದ್ದೂ ಕಾಲು ಚಾಚುವ ಅದೇ ಸ್ವಭಾವವಲ್ಲವೆ? ಒಂದನ್ನು ಹೊಗಳಿ ಇನ್ನೊಂದನ್ನು ಬೈಯುವುದು ನನ್ನಿಂದಾಗಲಿಲ್ಲ.

ಮೊನ್ನೆ ಹುಡುಗನನ್ನೇ ಕರೆದು ಕೇಳಿದೆ. “ಮೊದಲಿನ ಕಾರುಗಳನ್ನೇ ಮಾಡಿಕೊಂಡಿರಬೇಕಿತ್ತು, ಟೀಚರ್” ಎಂದ. ಸ್ವಲ್ಪ ತಡೆದು, “ಆದ್ರೆ ನನ್ನ ನೋಟ್‌ಬುಕ್ಕಲ್ಲಿ ಗ್ರಾಂಪ್ರಿ ಕಾರಿನ ಚಿತ್ರಾನೇ ದೊಡ್ಡದು” ಎಂದು ನಕ್ಕ.