ಸಾಕು ಎನ್ನಲಾಗದ ಓಟ

ಒಂದು ಕೆಲಸವನ್ನು ಚೆನ್ನಾಗಿ ಮಾಡಬೇಕೆಂಬ ಹಂಬಲ ಸದ್ಗುಣ. ಅದನ್ನು ಎಳ್ಳಷ್ಟೂ ಕುಂದಿಲ್ಲದೆ ಮಾಡದಿದ್ದರೆ ನನ್ನ ಬಾಳಿಗೆ ಬೆಲೆಯಿಲ್ಲ ಎಂಬ ಭಾವನೆಯೂ ಸದ್ಗುಣವೇ? ಈ ಎರಡರ ನಡುವಣ ಗೆರೆಯನ್ನು ನೀತಿಶಾಸ್ತ್ರದ ಗ್ರಂಥಗಳಲ್ಲಿ ಹುಡುಕುವುದಕ್ಕಿಂತ, ಬೆಳಗಿನ ಜಾವ ಐದು ಗಂಟೆಗೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಹೊರರಸ್ತೆಗಳಲ್ಲಿ ಹುಡುಕುವುದು ಮೇಲೆಂದು ನನಗನ್ನಿಸುತ್ತದೆ. ಅಲ್ಲಿ ಯುವಕರು ಓಡುತ್ತಿರುತ್ತಾರೆ. ಸಿಮೆಂಟ್ ಲಾರಿಗಳ ಸಂಚಾರ ಹೆಚ್ಚುವ ಮೊದಲು, ಬಿಸಿಲು ಏರುವ ಮೊದಲು ಅವರ ಓಟ ಮುಗಿಯಬೇಕು. ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುವುದನ್ನು ಯಾರಿಗೂ ಹೊಸದಾಗಿ ಹೇಳಬೇಕಾಗಿಲ್ಲ.

ಇವರಲ್ಲಿ ಹೆಚ್ಚಿನವರು ಹವ್ಯಾಸಕ್ಕೆ ಓಡುವವರಲ್ಲ. ಪೊಲೀಸ್ ಅಥವಾ ಸೈನ್ಯದ ನೇಮಕಾತಿ ಅವರ ಗುರಿ. ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಯ ದೈಹಿಕ ಪರೀಕ್ಷೆಯಲ್ಲಿ ಪುರುಷ ಅಭ್ಯರ್ಥಿಯು 1600 ಮೀಟರ್ ದೂರವನ್ನು 6 ನಿಮಿಷ 30 ಸೆಕೆಂಡುಗಳೊಳಗೆ ಓಡಬೇಕು. ಮನೆಯಲ್ಲಿ ಎರಡು ಮೂರು ಎಕರೆ ತೊಗರಿ ಹೊಲ, ಇಲ್ಲವೆ ಕಲ್ಲಿನ ಗಣಿಯಲ್ಲಿ ದಿನಗೂಲಿ. ಅಂತಹ ಮನೆಯ ಹುಡುಗನಿಗೆ ಆ 6 ನಿಮಿಷ 30 ಸೆಕೆಂಡುಗಳು ಎಂದರೆ ತಂಗಿಯ ಮದುವೆ, ತಂದೆಯ ಸಾಲ, ಊರಿನಲ್ಲಿ ಒಂದು ಮರ್ಯಾದೆ. ಸಂವಿಧಾನದ 371(ಜೆ) ವಿಧಿಯು ಈ ಭಾಗಕ್ಕೆ ಉದ್ಯೋಗ ಮೀಸಲಾತಿಯ ಬಾಗಿಲು ತೆರೆದ ಮೇಲೆ ಆಸೆಯೂ ಹೆಚ್ಚಿದೆ.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಪೊಲೀಸ್ ನೇಮಕಾತಿಯ ಓಟ ಅರ್ಹತಾ ಪರೀಕ್ಷೆ ಮಾತ್ರ. 6 ನಿಮಿಷ 20 ಸೆಕೆಂಡಿನಲ್ಲಿ ಗುರಿ ಮುಟ್ಟಿದವನೂ 5 ನಿಮಿಷ 30 ಸೆಕೆಂಡಿನಲ್ಲಿ ಮುಟ್ಟಿದವನೂ ಅಲ್ಲಿ ಸಮಾನರು. ವೇಗಕ್ಕೆಂದು ಹೆಚ್ಚಿನ ಅಂಕವಿಲ್ಲ. (ಸೈನ್ಯದಲ್ಲಿ ಹಾಗಲ್ಲ, ಬೇಗ ಓಡಿದವರಿಗೆ ಅಲ್ಲಿ ಹೆಚ್ಚು ಅಂಕ ಉಂಟು.) ಎಂದರೆ ಇಷ್ಟು ಸಾಕು ಎಂದು ಸರಕಾರವೇ ಗೆರೆ ಎಳೆದು ಕೊಟ್ಟಿದೆ. ಪರೀಕ್ಷೆಯ ದಿನದ ಅಂಜಿಕೆ, ಬಿಸಿಲು, ನೂಕುನುಗ್ಗಲುಗಳನ್ನು ನೆನೆದು ಹತ್ತಿಪ್ಪತ್ತು ಸೆಕೆಂಡು ಮುಂಚಿತವಾಗಿ ಮುಗಿಸುವ ಅಭ್ಯಾಸ ಮಾಡಿಕೊಳ್ಳುವುದು ವಿವೇಕ. ಅದಾದ ಮೇಲೂ ಕೆಲವರ ಮನಸ್ಸು ನಿಲ್ಲುವುದಿಲ್ಲ. ನಿನ್ನೆಗಿಂತ ಇಂದು ಮೂರು ಸೆಕೆಂಡು ತಡವಾದರೆ ಅವರು ಅಂದಿನ ಊಟವನ್ನು ಅರ್ಧಕ್ಕೆ ಬಿಡುತ್ತಾರೆ. ಸಂಜೆ ಮತ್ತೆ ಓಡುತ್ತಾರೆ. ಮೊಣಕಾಲ ಕೆಳಗೆ ನೋವು ಬಂದರೆ ಬಟ್ಟೆ ಬಿಗಿದುಕೊಂಡು ಓಡುತ್ತಾರೆ. ಒಬ್ಬ ತಾಯಿ ಬಲಿಪೂಜೆಯ ನಂತರ ನನ್ನೊಡನೆ ಹೇಳಿದ ಮಾತು ಇದು: "ಫಾದರ್, ಇಂವ ಮನ್ಯಾಗ ಇದ್ರೂ ಇಲ್ಲದಂಗ ಅದಾನ್ರಿ. ಎದುರಿಗಿ ಕೂತ್ರೂ ಗಡಿಯಾರಾನೇ ನೋಡ್ತಾನ."

ಈ ಕಾಟ ಬಡವರ ಮಕ್ಕಳಿಗೆ ಮಾತ್ರ ಮೀಸಲಾದುದಲ್ಲ. ಬೆಂಗಳೂರಿನಲ್ಲಿ 2008ರಲ್ಲಿ 10 ಕಿಲೋಮೀಟರ್ ಓಟ ಆರಂಭವಾದ ಮೇಲೆ ದೂರದ ಓಟವು ನೌಕರಿಯಲ್ಲಿರುವವರ ಹವ್ಯಾಸವೂ ಆಯಿತು. ಇಂದು ಹೃದಯದ ಬಡಿತವನ್ನೂ ಪ್ರತಿ ಕಿಲೋಮೀಟರಿನ ವೇಗವನ್ನೂ ತೋರಿಸುವ ಕೈಗಡಿಯಾರಗಳಿವೆ. ಅಳೆಯುವುದು ಸುಲಭವಾದಷ್ಟೂ ಅಳತೆಗೆ ಒಳಗಾಗುವುದೂ ಸುಲಭ. ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ 1920ರ ಆ್ಯಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ 42.75 ಕಿಲೋಮೀಟರಿನ ಮ್ಯಾರಥಾನನ್ನು ಸುಮಾರು 2 ಗಂಟೆ 50 ನಿಮಿಷಗಳಲ್ಲಿ ಓಡಿ 19ನೆಯವರಾಗಿ ಬಂದರು. ಭಾರತ ಒಲಿಂಪಿಕ್ಸ್‌ಗೆ ತಂಡ ಕಳುಹಿಸಿದ್ದೇ ಆಗ ಮೊದಲು. 19ನೆಯ ಸ್ಥಾನ ಎಂದರೆ ಇಂದಿನ ಹುಡುಗರು ಮೂಗು ಮುರಿದಾರು. ನನಗಂತೂ ಅದು ಬಹಳ ದೊಡ್ಡ ಓಟವೆಂದೇ ತೋರುತ್ತದೆ.

ಇನ್ನೊಂದು ತುದಿಯಲ್ಲಿ ಇಂಗ್ಲೆಂಡಿನ ರಾನ್ ಹಿಲ್ ಇದ್ದಾರೆ. 1970ರ ಬೋಸ್ಟನ್ ಮ್ಯಾರಥಾನ್ ಗೆದ್ದವರು. 1964ರ ಡಿಸೆಂಬರಿನಿಂದ ದಿನವೂ ಕನಿಷ್ಠ ಒಂದು ಮೈಲಿ ಓಡುವುದೆಂದು ನಿಶ್ಚಯಿಸಿ, 52 ವರ್ಷಗಳಿಗೂ ಮೀರಿ ಒಂದು ದಿನವನ್ನೂ ತಪ್ಪಿಸಲಿಲ್ಲ. 1993ರಲ್ಲಿ ಕಾರು ಅಪಘಾತವಾಗಿ ಎದೆಮೂಳೆ ಮುರಿದಾಗಲೂ ಆ ಸರಣಿ ಮುರಿಯಲಿಲ್ಲ. ಪಾದದ ಶಸ್ತ್ರಚಿಕಿತ್ಸೆಯಾದಾಗ ಊರುಗೋಲು ಹಿಡಿದು ಮೈಲಿ ಪೂರೈಸಿದರು. 2017ರ ಜನವರಿಯಲ್ಲಿ ಓಡುತ್ತಿರುವಾಗಲೇ ಎದೆನೋವು ಕಾಣಿಸಿಕೊಂಡಿತು. ಹೇಗೋ ಆ ಮೈಲಿಯನ್ನು ಮುಗಿಸಿ, ಹೆಂಡತಿ ಮಕ್ಕಳ ಹಿತವನ್ನು ನೆನೆದು, ಅಲ್ಲಿಗೆ ಕೊನೆ ಎಂದರು. 2021ರಲ್ಲಿ ತೀರಿಕೊಂಡರು. ಇವರ ಕಥೆಯನ್ನು ಓದುವಾಗ ನನಗೆ ಮೆಚ್ಚುಗೆಯೂ ಅಂಜಿಕೆಯೂ ಒಟ್ಟಿಗೇ ಆಗುತ್ತವೆ. ಎದೆನೋವಿನಲ್ಲಿಯೂ ಮೈಲಿ ಮುಗಿಸಲೇಬೇಕೆಂದ ಆ ಗಳಿಗೆಯಲ್ಲಿ ಓಡುತ್ತಿದ್ದವರು ಅವರೋ, ಅವರನ್ನು ಓಡಿಸುತ್ತಿದ್ದ ಲೆಕ್ಕವೋ?

ಮನೋವಿಜ್ಞಾನಿಗಳು ಇದನ್ನು ಬಹಳ ಹಿಂದೆಯೇ ಗುರುತಿಸಿದ್ದಾರೆ. ವ್ಯಾಯಾಮ ನಿಂತರೆ ನಿದ್ರೆ ಏನಾಗುತ್ತದೆ ಎಂದು ತಿಳಿಯಲು ಅಮೆರಿಕದ ಬೇಕ್‌ಲ್ಯಾಂಡ್ ಎಂಬ ಸಂಶೋಧಕರು ಹೊರಟರು. ಹಣ ಕೊಡುತ್ತೇವೆಂದರೂ ದಿನನಿತ್ಯ ವ್ಯಾಯಾಮ ಮಾಡುವವರು ಅದನ್ನು ನಿಲ್ಲಿಸಲು ಒಪ್ಪಲಿಲ್ಲ. ಕೊನೆಗೆ ವಾರಕ್ಕೆ ಮೂರು ನಾಲ್ಕು ದಿನ ಮಾತ್ರ ಮಾಡುವವರನ್ನು ಹುಡುಕಬೇಕಾಯಿತು. 1970ರಲ್ಲಿ ಪ್ರಕಟವಾದ ಆ ಅಧ್ಯಯನದ ಫಲಿತಾಂಶಕ್ಕಿಂತ ಈ ನಿರಾಕರಣೆಯೇ ನನಗೆ ಹೆಚ್ಚು ಅರ್ಥಪೂರ್ಣವಾಗಿ ಕಾಣುತ್ತದೆ. ಎಷ್ಟು ದೂರ ಓಡುತ್ತಾನೆ ಎಂಬುದರಿಂದ ಗೀಳನ್ನು ಅಳೆಯಲಾಗದು. ನಿಲ್ಲಿಸಬೇಕಾದಾಗ ನಿಲ್ಲಿಸಬಲ್ಲನೇ, ನಿಲ್ಲಿಸಿದ ದಿನ ಅವನೊಳಗೆ ಏಳುವುದು ವಿಶ್ರಾಂತಿಯೋ ಭಯವೋ ಎಂದು ಕೇಳಬೇಕು.

ನಮ್ಮ ಧರ್ಮಸಭೆಗೆ ಈ ಭಯ ಹಳೆಯ ಪರಿಚಯ. ಗುರುಮಠದಲ್ಲಿ ಲತೀನ್ ಕಲಿಯುವಾಗ 'ಸ್ಕ್ರೂಪುಲುಸ್' ಎಂಬ ಪದ ಬಂದಿತ್ತು. ಮೂಲದಲ್ಲಿ ಅದರ ಅರ್ಥ ಚೂಪಾದ ಸಣ್ಣ ಕಲ್ಲು. ಅದೇ ಪದ ಮುಂದೆ ಅತಿಸೂಕ್ಷ್ಮ ಮನಸ್ಸಾಕ್ಷಿಯ ತೊಳಲಾಟಕ್ಕೆ ಹೆಸರಾಯಿತು. ಶಹಾಬಾದ ಫರ್ಸಿಯ ಚೂರುಗಳು ದಾರಿಯುದ್ದಕ್ಕೂ ಬಿದ್ದಿರುವ ನಮ್ಮ ನಾಡಿನವರಿಗೆ ಬೂಟಿನೊಳಗೆ ಸೇರಿದ ಕಲ್ಲಿನ ಹಿಂಸೆಯನ್ನು ವಿವರಿಸಬೇಕಾಗಿಲ್ಲ. ಕಲ್ಲು ಸಣ್ಣದು, ಆದರೆ ಪ್ರತಿ ಹೆಜ್ಜೆಗೂ ಅದರದೇ ಧ್ಯಾನ.

ಸಂತ ಇಗ್ನೇಷಿಯಸ್ ಲೊಯೊಲಾ 1522ರಲ್ಲಿ ಮನ್ರೇಸಾದಲ್ಲಿದ್ದಾಗ ಈ ಕಲ್ಲಿನಿಂದ ನರಳಿದರು. ಪಾಪನಿವೇದನೆ ಮಾಡಿದ ಮೇಲೂ ಏನೋ ಬಿಟ್ಟುಹೋಯಿತೆಂಬ ಸಂಶಯ. ಮತ್ತೆ ನಿವೇದನೆ, ಮತ್ತೆ ಸಂಶಯ. ಪ್ರಾಣ ಕಳೆದುಕೊಳ್ಳುವ ಯೋಚನೆಯೂ ಸುಳಿಯಿತು. ಮನಶ್ಶಾಂತಿ ದೊರೆಯುವವರೆಗೆ ಉಣ್ಣುವುದಿಲ್ಲವೆಂದು ಒಂದು ವಾರ ಉಪವಾಸ ಕುಳಿತರು. ಅವರ ಆತ್ಮಗುರು ಉಪವಾಸ ಮುರಿಯುವಂತೆ ಆಜ್ಞಾಪಿಸಿದರು, ಇಗ್ನೇಷಿಯಸ್ ಉಂಡರು. ಸೋತೆನೆಂದು ಅವರಿಗೆ ಅಂದು ಅನ್ನಿಸಿರಬಹುದು. ಮುಂದೆ ತಮ್ಮ ಆಧ್ಯಾತ್ಮಿಕ ಸಾಧನೆಯ ಗ್ರಂಥದಲ್ಲಿ ಅವರು ಕೊಟ್ಟ ಸಲಹೆ ಬಹಳ ಜಾಣತನದ್ದು: ಮನಸ್ಸಾಕ್ಷಿ ಒರಟಾದವನನ್ನು ಶತ್ರುವು ಇನ್ನಷ್ಟು ಒರಟಾಗಿಸುತ್ತಾನೆ, ಸೂಕ್ಷ್ಮವಾದವನನ್ನು ಮಿತಿಮೀರಿ ಸೂಕ್ಷ್ಮವಾಗಿಸುತ್ತಾನೆ, ಆದ್ದರಿಂದ ಅವನು ಎಳೆಯುವ ದಿಕ್ಕಿಗೆ ವಿರುದ್ಧವಾಗಿ ನಡೆದು ನಡುವೆ ನೆಲೆಗೊಳ್ಳಬೇಕು. ಸೋಮಾರಿಗೆ ಹೇಳುವ ಮಾತನ್ನು ಗೀಳಿನವನಿಗೆ ಹೇಳಬಾರದು. 'ಇನ್ನೂ ಸ್ವಲ್ಪ ಕಷ್ಟಪಡು' ಎಂಬುದು ಒಬ್ಬನಿಗೆ ಔಷಧ, ಮತ್ತೊಬ್ಬನಿಗೆ ವಿಷ.

ಪರಲೋಕದ ಪಿತನಂತೆ ಪರಿಪೂರ್ಣರಾಗಬೇಕೆಂದು ಪ್ರಭು ಕರೆಯಲಿಲ್ಲವೇ ಎಂದು ಕೆಲವರು ಕೇಳಬಹುದು. ಮತ್ತಾಯನು ಅಲ್ಲಿ ಬಳಸುವ ಗ್ರೀಕ್ ಪದ 'ತೆಲೆಯೊಸ್'. ತನ್ನ ಗುರಿಯನ್ನು ಮುಟ್ಟಿದ್ದು, ಪೂರ್ಣವಾಗಿ ಮಾಗಿದ್ದು ಎಂಬ ಅರ್ಥ ಅದಕ್ಕಿದೆ. ಅದೇ ಬೋಧನೆಯನ್ನು ಲೂಕನು ದಾಖಲಿಸುವಾಗ ಪರಿಪೂರ್ಣತೆಯ ಜಾಗದಲ್ಲಿ ಕರುಣೆ ಇದೆ. ಓಟದ ರೂಪಕವನ್ನು ಮತ್ತೆ ಮತ್ತೆ ಬಳಸಿದ ಸಂತ ಪೌಲರೂ ತಾವಿನ್ನೂ ಪರಿಪೂರ್ಣರಾಗಿಲ್ಲವೆಂದು ಫಿಲಿಪ್ಪಿಯವರಿಗೆ ನಿರಾಳವಾಗಿಯೇ ಬರೆದು, ಮುಂದಕ್ಕೆ ಓಡುತ್ತಾರೆ. ಪೂರ್ಣನಾಗಿಲ್ಲ ಎಂಬ ಅರಿವು ಅವರನ್ನು ಕೊರೆಯುವುದಿಲ್ಲ.

ಇಷ್ಟಾದರೂ, ಹವ್ಯಾಸಿ ಓಟಗಾರನಿಗೆ ಹೇಳುವಂತೆ 'ಗಡಿಯಾರ ಬಿಚ್ಚಿಡು' ಎಂದು ನಮ್ಮ ಹುಡುಗನಿಗೆ ಹೇಳಿದರೆ ಅದು ಹೊಟ್ಟೆ ತುಂಬಿದವರ ಉಪದೇಶವಾದೀತು. ಅವನ ಭಯಕ್ಕೆ ಕಾರಣವಿದೆ. ಹುದ್ದೆಗಳು ಕೆಲವೇ, ಅಭ್ಯರ್ಥಿಗಳು ಬಹಳ, ವಯಸ್ಸಿನ ಮಿತಿ ಬೇರೆ. ಆದುದರಿಂದ ಅವನ ಗುರಿಯ ಭಾಷೆಯಲ್ಲಿಯೇ ಮಾತನಾಡಬೇಕು. ಓಡುವಾಗ ಮೂಳೆಯಲ್ಲಿ ಅತಿಸಣ್ಣ ಪೆಟ್ಟುಗಳಾಗುತ್ತವೆ. ದೇಹ ಅವನ್ನು ಸರಿಪಡಿಸಿಕೊಂಡು ಗಟ್ಟಿಯಾಗುವುದು ವಿಶ್ರಾಂತಿಯ ಹೊತ್ತಿನಲ್ಲಿ. ಆ ಹೊತ್ತನ್ನು ಕೊಡದೆ ಡಾಂಬರು ರಸ್ತೆಯ ಮೇಲೆ ದಿನಕ್ಕೆರಡು ಸಲ ಓಡಿದರೆ ಮೊಣಕಾಲ ಕೆಳಗಿನ ಮೂಳೆ ಬಿರುಕು ಬಿಡಬಹುದು. ಮೂಳೆಯ ಒಂದೇ ಜಾಗವನ್ನು ಬೆರಳಿನಿಂದ ಒತ್ತಿದಾಗ ನೋವು ಚುಚ್ಚಿದರೆ ವೈದ್ಯರಲ್ಲಿಗೆ ಹೋಗಬೇಕು. ಆರಂಭದಲ್ಲಿ ಎಕ್ಸ್‌ರೇಯಲ್ಲಿ ಬಿರುಕು ಕಾಣದೆಯೂ ಇರಬಹುದು. ಕಾಣಲಿಲ್ಲವೆಂದು ಮರುದಿನ ಓಡುವುದು ತಪ್ಪು. ಬಿರುಕು ಬಿಟ್ಟ ಮೂಳೆ ಕೂಡಲು ವಾರಗಳೇ ಬೇಕು, ನೇಮಕಾತಿಯ ದಿನಾಂಕ ಅವನಿಗಾಗಿ ಕಾಯುವುದಿಲ್ಲ.

ಮನೆಯವರ ಪಾಲೂ ಇದರಲ್ಲಿದೆ. ಬೆವರಿಳಿಸುತ್ತ ಬಾಗಿಲಿಗೆ ಬಂದ ಮಗನನ್ನು ತಂದೆ ಮೊದಲು ಕೇಳುವುದು ಎಷ್ಟು ಸೆಕೆಂಡಾಯಿತು ಎಂದೇ ಆದರೆ, ಆ ಸೆಕೆಂಡುಗಳೇ ತನ್ನ ಬೆಲೆ ಎಂದು ಮಗ ತಿಳಿಯುವುದರಲ್ಲಿ ಆಶ್ಚರ್ಯವೇನು? ನಿದ್ರೆ ಕೆಟ್ಟು, ಊಟ ಕೆಟ್ಟು, ಯಾರೊಡನೆಯೂ ಮಾತು ಬೇಡವಾದವನನ್ನು ಬೈದು ಪ್ರಯೋಜನವಿಲ್ಲ. 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಹಣ ಕೊಡದೆ ಕನ್ನಡದಲ್ಲಿಯೇ ಮಾತನಾಡಬಹುದು. 2022ರಿಂದ ಈ ಸೌಲಭ್ಯವಿದೆ.

ಆ ತಾಯಿಯ ಮಗ ಈಗ ಭಾನುವಾರ ಓಡುವುದಿಲ್ಲ. ಮೊದಲ ಎರಡು ಭಾನುವಾರ ಅಂಗಳದಲ್ಲೇ ಅತ್ತಿಂದಿತ್ತ ತಿರುಗುತ್ತಿದ್ದನಂತೆ. ಮೂರನೆಯ ಭಾನುವಾರ ತಮ್ಮನನ್ನು ಕರೆದುಕೊಂಡು ಪೇಟೆಗೆ ಹೋಗಿಬಂದ.